ಹೊಸ ಅಕ್ವೇರಿಯಂ ತಂದ ವಾರದಲ್ಲೇ ಮೀನು ಸಾಯುವುದೇಕೆ? ಮೀನು ಬಿಡುವ ಮೊದಲು ಟ್ಯಾಂಕ್ 'ಸೈಕಲ್' ಮಾಡುವ ವಿಧಾನ ಇಲ್ಲಿದೆ

ಭಾನುವಾರ ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಹೋಗಿ ಗಾಜಿನ ಟ್ಯಾಂಕ್, ಬಣ್ಣದ ಕಲ್ಲು, ಫಿಲ್ಟರ್ ಕೊಂಡಿರಿ. ಜತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಎಂಟು ಹತ್ತು ಮೀನುಗಳೂ ಬಂದವು. ಅಂದು ಸಂಜೆಯೇ ನೀರು ತುಂಬಿಸಿ ಮೀನು ಬಿಟ್ಟದ್ದಾಯಿತು. ಮಂಗಳವಾರದ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡತೊಡಗಿದವು. ಗುರುವಾರ ಒಂದು ಸತ್ತಿತು, ಶುಕ್ರವಾರ ಮೂರು. ಮುಂದಿನ ಭಾನುವಾರ ಟ್ಯಾಂಕ್‌ನಲ್ಲಿ ನೀರು ಮಾತ್ರ ಉಳಿಯಿತು. ಮಗು ಕಣ್ಣೀರು ಹಾಕುತ್ತಾ ಕುಳಿತಿದೆ.

ಮೊದಲ ಬಾರಿ ಮೀನು ಸಾಕುವ ಅನೇಕ ಮನೆಗಳಲ್ಲಿ ನಡೆಯುವ ಕಥೆ ಇದು. ಅಂಗಡಿಯವನು ಕೆಟ್ಟ ಮೀನು ಕೊಟ್ಟ, ದೃಷ್ಟಿ ತಾಗಿತು, ಟ್ಯಾಂಕ್ ಇಟ್ಟ ದಿಕ್ಕು ಸರಿಯಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಒಂದೇ. ಅದು ನೀರಿನಲ್ಲಿ ಕಣ್ಣಿಗೆ ಕಾಣದಂತೆ ಸೇರಿಕೊಂಡ ಅಮೋನಿಯಾ. ಮೀನು ಸಾಕುವವರು ಇದನ್ನು 'ನ್ಯೂ ಟ್ಯಾಂಕ್ ಸಿಂಡ್ರೋಮ್' ಎಂದು ಕರೆಯುತ್ತಾರೆ.

ಇದನ್ನು ತಪ್ಪಿಸಲು ದುಬಾರಿ ಉಪಕರಣ ಬೇಕಿಲ್ಲ, ಬೇಕಿರುವುದು ನಾಲ್ಕರಿಂದ ಆರು ವಾರಗಳ ತಾಳ್ಮೆ. ಮೀನು ತರುವ ಮೊದಲೇ ಟ್ಯಾಂಕ್‌ನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳುವ ಈ ಕೆಲಸಕ್ಕೆ 'ಟ್ಯಾಂಕ್ ಸೈಕಲ್ ಮಾಡುವುದು' ಎನ್ನುತ್ತಾರೆ. ಹಾಗೆಂದರೇನು? ಮನೆಯಲ್ಲಿ ಮಾಡುವುದು ಹೇಗೆ? ನಿಮ್ಮ ಊರಿನ ನೀರಿಗೆ ಯಾವ ಎಚ್ಚರಿಕೆ ಬೇಕು? ಸಂಪೂರ್ಣ ಮಾಹಿತಿ ಇಲ್ಲಿದೆ.

ಟ್ಯಾಂಕ್ ಒಳಗೆ ನಡೆಯುವುದೇನು?

ಮೀನುಗಳು ತಮ್ಮ ದೇಹದ ತ್ಯಾಜ್ಯದ ಹೆಚ್ಚಿನ ಭಾಗವನ್ನು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತವೆ. ಹಿಕ್ಕೆ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವೆಲ್ಲವೂ ಅಮೋನಿಯಾ ಆಗುತ್ತವೆ. ಕೆರೆಯಲ್ಲೋ ಹೊಳೆಯಲ್ಲೋ ಇದು ಸಮಸ್ಯೆಯಲ್ಲ. ಅಲ್ಲಿ ನೀರು ಬಹಳ, ಮೀನು ಕಡಿಮೆ. ಸಾಲದ್ದಕ್ಕೆ ಕಲ್ಲು, ಕೆಸರು, ಗಿಡಗಳ ಮೇಲೆಲ್ಲಾ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುತ್ತವೆ. ಐವತ್ತು ಲೀಟರ್‌ನ ಹೊಸ ಗಾಜಿನ ಟ್ಯಾಂಕ್‌ನಲ್ಲಿ ಈ ಯಾವ ಅನುಕೂಲವೂ ಇಲ್ಲ. ಮೀನು ತನ್ನದೇ ತ್ಯಾಜ್ಯದಲ್ಲಿ ಉಸಿರಾಡಬೇಕು.

ಸೈಕಲ್ ಆದ ಟ್ಯಾಂಕ್‌ನಲ್ಲಿ ಮೂರು ಹಂತಗಳು ನಡೆಯುತ್ತವೆ.

1. ಅಮೋನಿಯಾ: ಮೀನು ಮತ್ತು ಆಹಾರದಿಂದ ಬರುವ ಇದು ಕಿವಿರುಗಳನ್ನು ಸುಡುತ್ತದೆ. ಬಹಳ ವಿಷಕಾರಿ.

2. ನೈಟ್ರೈಟ್: ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಇದೂ ವಿಷವೇ. ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಂದಿಸುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುವುದರಿಂದ ಇದಕ್ಕೆ 'ಕಂದು ರಕ್ತದ ಕಾಯಿಲೆ' ಎಂಬ ಹೆಸರೂ ಇದೆ.

3. ನೈಟ್ರೇಟ್: ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಇದು ಕಡಿಮೆ ಪ್ರಮಾಣದಲ್ಲಿ ಮೀನಿಗೆ ಅಷ್ಟು ಹಾನಿ ಮಾಡದು. ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದನ್ನು ವಾರಕ್ಕೊಮ್ಮೆ ನೀರು ಬದಲಿಸಿ ತೆಗೆಯಬಹುದು.

ನೈಟ್ರೈಟ್, ನೈಟ್ರೇಟ್ ಎರಡು ಹೆಸರೂ ಒಂದೇ ರೀತಿ ಕೇಳಿಸುತ್ತವೆ. ಆದರೆ ಮೊದಲನೆಯದು ಮೀನಿನ ಶತ್ರು, ಎರಡನೆಯದು ಗಿಡದ ಗೊಬ್ಬರ. ಪರೀಕ್ಷೆ ಮಾಡುವಾಗ ಇವೆರಡು ಅದಲು ಬದಲಾಗದಂತೆ ನೋಡಿಕೊಳ್ಳಿ.

ಈ ಕೆಲಸ ಬ್ಯಾಕ್ಟೀರಿಯಾಗಳದ್ದು, ಅದೂ ಹಂತ ಹಂತವಾಗಿ ನಡೆಯುತ್ತದೆ ಎಂಬುದನ್ನು ರಷ್ಯಾ ಮೂಲದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟರು. ಅವರು ಅಧ್ಯಯನ ಮಾಡಿದ್ದು ಮಣ್ಣಿನ ಬ್ಯಾಕ್ಟೀರಿಯಾಗಳನ್ನು. ಅಕ್ವೇರಿಯಂನಲ್ಲಿ ಎರಡನೇ ಹಂತದ ಕೆಲಸ 'ನೈಟ್ರೋಬ್ಯಾಕ್ಟರ್'ನದು ಎಂದೇ ಬಹುಕಾಲ ನಂಬಲಾಗಿತ್ತು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಿಹಿನೀರಿನ ಟ್ಯಾಂಕ್‌ಗಳಲ್ಲಿ ಈ ಕೆಲಸ ಮಾಡುವುದು 'ನೈಟ್ರೋಸ್ಪೈರಾ' ಎಂಬ ಬೇರೆಯೇ ಬ್ಯಾಕ್ಟೀರಿಯಾ ಎಂದು ತೋರಿಸಿತು. ಅಮೋನಿಯಾದಿಂದ ನೈಟ್ರೇಟ್‌ವರೆಗೆ ಇಡೀ ಕೆಲಸವನ್ನು ಒಂದೇ ಮಾಡಿ ಮುಗಿಸುವ ನೈಟ್ರೋಸ್ಪೈರಾ ಕೂಡ ಇದೆ ಎಂಬುದು 2015ರಲ್ಲಿ ಗೊತ್ತಾಯಿತು.

ಇಷ್ಟು ದಿನ ಏಕೆ ಬೇಕು?

ಹಾಲಿಗೆ ಹೆಪ್ಪು ಹಾಕಿದರೆ ರಾತ್ರಿ ಕಳೆಯುವುದರೊಳಗೆ ಮೊಸರಾಗುತ್ತದೆ. ಟ್ಯಾಂಕ್‌ಗೂ ಹಾಗೆಯೇ ಒಂದು ಹೆಪ್ಪು ಬೇಕು. ಆದರೆ ಈ ಬ್ಯಾಕ್ಟೀರಿಯಾಗಳು ಬಹಳ ನಿಧಾನ. ಎಲ್ಲ ಅನುಕೂಲ ಇದ್ದರೂ ಇವುಗಳ ಸಂಖ್ಯೆ ಒಮ್ಮೆ ದುಪ್ಪಟ್ಟಾಗಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಎರಡನೇ ಗುಂಪಿನ ಬ್ಯಾಕ್ಟೀರಿಯಾಗಳಿಗೆ ನೈಟ್ರೈಟೇ ಆಹಾರ. ಮೊದಲ ಗುಂಪು ಬೆಳೆದು ನೈಟ್ರೈಟ್ ತಯಾರಾಗುವವರೆಗೆ ಅವು ಬೆಳೆಯಲಾರವು. ಹಾಗಾಗಿ ಒಟ್ಟು ಪ್ರಕ್ರಿಯೆಗೆ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಎಂಟು ವಾರವೂ ಬೇಕಾಗಬಹುದು.

ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲು ತಡವಾಗುವಂತೆ ಟ್ಯಾಂಕ್ ಸೈಕಲ್ ಕೂಡ ತಣ್ಣನೆಯ ನೀರಿನಲ್ಲಿ ನಿಧಾನವಾಗುತ್ತದೆ. 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಒಳ್ಳೆಯ ಉಷ್ಣಾಂಶ.

ಇನ್ನೊಂದು ಮುಖ್ಯ ವಿಷಯ: ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ಬಹಳ ಕಡಿಮೆ. ಫಿಲ್ಟರ್‌ನ ಸ್ಪಂಜು, ಸೆರಾಮಿಕ್ ರಿಂಗ್, ಕಲ್ಲುಗಳ ಮೇಲೆ ಅಂಟಿಕೊಂಡು ಬದುಕುತ್ತವೆ. ಟ್ಯಾಂಕ್‌ಗೆ ನೀರು ತುಂಬಿಸಿ ಒಂದು ತಿಂಗಳು ಸುಮ್ಮನೆ ಇಟ್ಟರೂ ಸೈಕಲ್ ಆಗದು. ಅವುಗಳಿಗೆ ಆಹಾರವಾಗಿ ಅಮೋನಿಯಾ ಬೇಕು, ಉಸಿರಾಡಲು ಆಮ್ಲಜನಕ ಬೇಕು, ಅಂಟಿಕೊಳ್ಳಲು ಜಾಗ ಬೇಕು.

ಏನೇನು ಬೇಕು?

ಟ್ಯಾಂಕ್: ಚಿಕ್ಕ ಗಾಜಿನ ಬೌಲ್ ಬೇಡ. ಹೊಸಬರಿಗೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಸೂಕ್ತ. ಇದರಲ್ಲಿ ಸುಮಾರು 56 ಲೀಟರ್ ಹಿಡಿಯುತ್ತದೆ. ಕಲ್ಲು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ 45ರಿಂದ 50 ಲೀಟರ್ ನೀರು. ನೀರು ಹೆಚ್ಚಿದ್ದಷ್ಟೂ ವಿಷ ಏರುವುದು ನಿಧಾನವಾಗಿ. ತುಂಬಿದ ಟ್ಯಾಂಕ್ 60 ಕೆಜಿ ದಾಟಬಹುದಾದ್ದರಿಂದ ಗಟ್ಟಿಯಾದ, ಸಮತಟ್ಟಾದ ಸ್ಟ್ಯಾಂಡ್ ಇರಲಿ.

ಫಿಲ್ಟರ್: ಸ್ಪಂಜ್ ಫಿಲ್ಟರ್ ಮತ್ತು ಏರ್ ಪಂಪ್ ಇದ್ದರೆ ಸಾಕು. ಕಡಿಮೆ ಬೆಲೆಗೆ ಸಿಗುತ್ತದೆ, ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಮನೆ.

ಪರೀಕ್ಷೆ ಕಿಟ್: ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ ನಾಲ್ಕನ್ನೂ ಅಳೆಯುವ ಹನಿ ಹಾಕುವ ಕಿಟ್ ತೆಗೆದುಕೊಳ್ಳಿ. ಬೆಲೆ ಸ್ವಲ್ಪ ಹೆಚ್ಚೆನಿಸಬಹುದು. ಆದರೆ ಮತ್ತೆ ಮತ್ತೆ ಮೀನು ಕೊಂಡು ಸಾಯಿಸುವುದಕ್ಕಿಂತ ಇದು ಅಗ್ಗ. ನೀರು ತಿಳಿಯಾಗಿ ಕಂಡರೆ ಸ್ವಚ್ಛ ಎಂದಲ್ಲ, ಅಮೋನಿಯಾ ಕಣ್ಣಿಗೆ ಕಾಣದು.

ಆಂಟಿ ಕ್ಲೋರಿನ್: ನಲ್ಲಿ ನೀರಿನ ಕ್ಲೋರಿನ್ ಮೀನನ್ನೂ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ಇದು ಚಿಕ್ಕ ಬಾಟಲಿಯಲ್ಲಿ ಸಿಗುತ್ತದೆ.

ಅಮೋನಿಯಾ ಮೂಲ: ಅಮೋನಿಯಂ ಕ್ಲೋರೈಡ್ ಪುಡಿ. ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ. ಆದರೆ ಕಲಾಯಿಗೆ ಬಳಸುವುದರಲ್ಲಿ ಬೇರೆ ವಸ್ತುಗಳೂ ಬೆರೆತಿರಬಹುದು, ಹಾಗಾಗಿ ಲ್ಯಾಬ್ ದರ್ಜೆಯ ಶುದ್ಧ ಪುಡಿಯನ್ನೇ ತನ್ನಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಬ್ಲೀಚಿಂಗ್ ಪೌಡರ್ ಅಥವಾ ಟಾಯ್ಲೆಟ್ ಕ್ಲೀನರ್ ಜತೆ ಎಂದಿಗೂ ಬೆರೆಸಬೇಡಿ, ವಿಷಾನಿಲ ಹೊರಡುತ್ತದೆ.

ಹಂತ ಹಂತವಾಗಿ ಸೈಕಲ್ ಮಾಡುವುದು ಹೇಗೆ?

ಮೊದಲ ದಿನ: ಟ್ಯಾಂಕ್ ಮತ್ತು ಕಲ್ಲುಗಳನ್ನು ಸೋಪು ಬಳಸದೆ ಬರೀ ನೀರಿನಲ್ಲಿ ತೊಳೆಯಿರಿ. ನೀರು ತುಂಬಿಸಿ, ಬಾಟಲಿಯ ಮೇಲೆ ಸೂಚಿಸಿದಷ್ಟು ಆಂಟಿ ಕ್ಲೋರಿನ್ ಹಾಕಿ, ಫಿಲ್ಟರ್ ಚಾಲು ಮಾಡಿ. ಇನ್ನು ಮುಂದೆ ಫಿಲ್ಟರ್ ಹಗಲು ರಾತ್ರಿ ಓಡುತ್ತಿರಬೇಕು.

ಎರಡನೇ ದಿನ: 6 ಗ್ರಾಂ ಅಮೋನಿಯಂ ಕ್ಲೋರೈಡನ್ನು 1 ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿ ಹೆಸರು ಬರೆದಿಟ್ಟುಕೊಳ್ಳಿ. ಟ್ಯಾಂಕ್‌ನ ಪ್ರತಿ ಲೀಟರ್ ನೀರಿಗೆ ಈ ದ್ರಾವಣ 1 ಎಂಎಲ್‌ನಂತೆ ಹಾಕಿದರೆ ಅಮೋನಿಯಾ ಪ್ರಮಾಣ ಸುಮಾರು 2 ಪಿಪಿಎಂ ಆಗುತ್ತದೆ. ಅಂದರೆ 50 ಲೀಟರ್ ಟ್ಯಾಂಕ್‌ಗೆ 50 ಎಂಎಲ್. ಒಂದು ಗಂಟೆ ಬಿಟ್ಟು ಕಿಟ್‌ನಲ್ಲಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ. 'ಹೆಚ್ಚು ಹಾಕಿದರೆ ಬೇಗ ಆಗುತ್ತದೆ' ಎಂದುಕೊಳ್ಳಬೇಡಿ. 5 ಪಿಪಿಎಂ ದಾಟಿದರೆ ಬ್ಯಾಕ್ಟೀರಿಯಾ ಬೆಳವಣಿಗೆಗೇ ತೊಂದರೆ.

ಮೊದಲ ಮತ್ತು ಎರಡನೇ ವಾರ: ಎರಡು ದಿನಕ್ಕೊಮ್ಮೆ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಿ. ಆರಂಭದಲ್ಲಿ ಏನೂ ಬದಲಾಗುವುದಿಲ್ಲ. ಬಹಳ ಜನ ಕೈಬಿಡುವುದು ಇಲ್ಲೇ. ನಂತರ ಒಂದು ದಿನ ಅಮೋನಿಯಾ ಇಳಿಯತೊಡಗುತ್ತದೆ, ನೈಟ್ರೈಟ್ ಕಾಣಿಸಿಕೊಳ್ಳುತ್ತದೆ. ಮೊದಲ ಗುಂಪಿನ ಬ್ಯಾಕ್ಟೀರಿಯಾ ಬಂದಿವೆ ಎಂದು ಅರ್ಥ. ಅಮೋನಿಯಾ ಅರ್ಧ ಪಿಪಿಎಂಗಿಂತ ಕೆಳಗಿಳಿದಾಗಲೆಲ್ಲಾ ಮತ್ತೆ 2 ಪಿಪಿಎಂಗೆ ಏರಿಸಿ.

ಮೂರನೇ ಮತ್ತು ನಾಲ್ಕನೇ ವಾರ: ನೈಟ್ರೈಟ್ ಏಕಾಏಕಿ ಜಿಗಿಯುತ್ತದೆ. ಇದಕ್ಕೆ ಗಾಬರಿ ಬೇಡ, ಲೆಕ್ಕವೇ ಹಾಗಿದೆ. 2 ಪಿಪಿಎಂ ಅಮೋನಿಯಾ ಪೂರ್ತಿ ಬದಲಾದರೆ 5 ಪಿಪಿಎಂಗೂ ಹೆಚ್ಚು ನೈಟ್ರೈಟ್ ಆಗುತ್ತದೆ. ಕಿಟ್‌ನ ಗರಿಷ್ಠ ಬಣ್ಣ ತಲುಪಿದರೆ ಅಮೋನಿಯಾ ಹಾಕುವ ಪ್ರಮಾಣವನ್ನು ಅರ್ಧಕ್ಕಿಳಿಸಿ, ಅರ್ಧದಷ್ಟು ನೀರು ಬದಲಿಸಿ. ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿರುವುದರಿಂದ ನೀರು ಬದಲಿಸಿದರೆ ನಷ್ಟವಿಲ್ಲ.

ಐದನೇ ಮತ್ತು ಆರನೇ ವಾರ: ನೈಟ್ರೈಟ್ ಇಳಿಯುತ್ತದೆ, ನೈಟ್ರೇಟ್ ಏರುತ್ತದೆ. ನೈಟ್ರೈಟ್ ಇಳಿಯತೊಡಗಿದರೆ ಕೆಲವೇ ದಿನಗಳಲ್ಲಿ ಸೊನ್ನೆಗೆ ಬರುವುದೂ ಉಂಟು.

ಕೊನೆಯ ಪರೀಕ್ಷೆ: 2 ಪಿಪಿಎಂ ಅಮೋನಿಯಾ ಹಾಕಿ. ಸರಿಯಾಗಿ 24 ಗಂಟೆ ಬಿಟ್ಟು ಪರೀಕ್ಷಿಸಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಇದ್ದರೆ ಟ್ಯಾಂಕ್ ಸಿದ್ಧ. ಮರುದಿನವೂ ಇದೇ ಫಲಿತಾಂಶ ಬಂದರೆ ಇನ್ನೂ ಒಳ್ಳೆಯದು.

ಇಷ್ಟರಲ್ಲಿ ನೈಟ್ರೇಟ್ ಬಹಳ ಸೇರಿರುತ್ತದೆ. ಪ್ರತಿ ಬಾರಿ ಹಾಕಿದ 2 ಪಿಪಿಎಂ ಅಮೋನಿಯಾದಿಂದ ಸುಮಾರು 7 ಪಿಪಿಎಂ ನೈಟ್ರೇಟ್ ಆಗುತ್ತದೆ. ಹಾಗಾಗಿ ಮೀನು ಬಿಡುವ ಹಿಂದಿನ ದಿನ ನಾಲ್ಕರಲ್ಲಿ ಮೂರು ಪಾಲು ನೀರು ಬದಲಿಸಿ ನೈಟ್ರೇಟನ್ನು 20 ಪಿಪಿಎಂ ಆಸುಪಾಸಿಗೆ ತನ್ನಿ.

ಪುಡಿ ಸಿಗದಿದ್ದರೆ?

ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ಟ್ಯಾಂಕ್‌ಗೆ ಹಾಕುತ್ತಾ ಬರಬಹುದು. ಅದು ಕೊಳೆತು ಅಮೋನಿಯಾ ಆಗುತ್ತದೆ. ಹಸಿ ಸಿಗಡಿಯ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡುವವರೂ ಇದ್ದಾರೆ. ಈ ವಿಧಾನಗಳಲ್ಲಿ ವಾಸನೆ ಬರುತ್ತದೆ, ಎಷ್ಟು ಅಮೋನಿಯಾ ಆಯಿತೆಂಬ ಹಿಡಿತವೂ ಇರುವುದಿಲ್ಲ. ಆದರೂ ಮೀನನ್ನು ಪ್ರಯೋಗಕ್ಕೆ ಒಡ್ಡುವುದಕ್ಕಿಂತ ಎಷ್ಟೋ ವಾಸಿ.

ಸಮಯ ಉಳಿಸುವ ಅತ್ಯುತ್ತಮ ದಾರಿ ಎಂದರೆ ನಿಜವಾದ ಹೆಪ್ಪು. ಬಹಳ ದಿನಗಳಿಂದ ಆರೋಗ್ಯವಾಗಿ ಓಡುತ್ತಿರುವ ಟ್ಯಾಂಕ್ ಸ್ನೇಹಿತರ ಮನೆಯಲ್ಲಿದ್ದರೆ ಅವರ ಫಿಲ್ಟರ್‌ನ ಸ್ಪಂಜಿನ ಒಂದು ತುಂಡನ್ನೋ ಒಂದು ಹಿಡಿ ಸೆರಾಮಿಕ್ ರಿಂಗನ್ನೋ ಕೇಳಿ ತನ್ನಿ. ಅದೇ ಟ್ಯಾಂಕ್‌ನ ನೀರಿನಲ್ಲಿ ಮುಳುಗಿಸಿ ತಂದು ನಿಮ್ಮ ಫಿಲ್ಟರ್‌ನಲ್ಲಿಡಿ. ಒಣಗಿದರೆ ಪ್ರಯೋಜನವಿಲ್ಲ. ಇದರಿಂದ ಆರು ವಾರದ ಕೆಲಸ ಎರಡು ವಾರದಲ್ಲಿ ಮುಗಿಯಲೂಬಹುದು. ಹಳೆಯ ಟ್ಯಾಂಕ್‌ನ ನೀರು ಮಾತ್ರ ತಂದರೆ ಉಪಯೋಗ ಅತ್ಯಲ್ಪ.

ನಿಮ್ಮ ಊರಿನ ನೀರು ಹೇಗಿದೆ?

ಇಲ್ಲಿಯವರೆಗಿನ ವಿಧಾನ ಎಲ್ಲೆಡೆಗೂ ಒಂದೇ. ಆದರೆ ನೀರು ಊರಿಂದ ಊರಿಗೆ ಬೇರೆ. ಅದಕ್ಕೆ ತಕ್ಕ ಎಚ್ಚರಿಕೆಗಳೂ ಬೇರೆ.

ಮುಂಬೈ: ಭಾತ್ಸಾ, ವೈತರ್ಣ, ತಾನ್ಸಾ ಮುಂತಾದ ಜಲಾಶಯಗಳಿಂದ ಬರುವ ಪಾಲಿಕೆ ನೀರು ಮೆದು ನೀರು. ಅದರಲ್ಲಿ ಕರಗಿದ ಖನಿಜ ಕಡಿಮೆ. ಬ್ಯಾಕ್ಟೀರಿಯಾಗಳು ಅಮೋನಿಯಾ ತಿನ್ನುವಾಗ ನೀರಿನ ಕ್ಷಾರೀಯತೆಯನ್ನೂ ಬಳಸಿಕೊಳ್ಳುತ್ತವೆ. ಮೆದು ನೀರಿನಲ್ಲಿ ಅದು ಬೇಗ ಖಾಲಿಯಾಗಿ ಪಿಎಚ್ ಕುಸಿಯುತ್ತದೆ. ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಸೈಕಲ್ ನಿಧಾನವಾಗಿ, ಮುಂದೆ ನಿಂತೇ ಹೋಗಬಹುದು. ಹಾಗಾದಾಗ ಅರ್ಧದಷ್ಟು ನೀರು ಬದಲಿಸಿ, ಮೀನಿಲ್ಲದ 50 ಲೀಟರ್ ಟ್ಯಾಂಕ್‌ಗೆ ಅರ್ಧ ಚಮಚ ಅಡುಗೆ ಸೋಡಾ ಕರಗಿಸಿ ಹಾಕಿ.

ಚೆನ್ನೈ, ಹೈದರಾಬಾದ್: ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಮನೆಗಳಲ್ಲಿ ನೀರು ಸಾಮಾನ್ಯವಾಗಿ ಗಡಸು, ಪಿಎಚ್ ಹೆಚ್ಚು. ಸೈಕಲ್ ಆಗಲು ಇದು ಒಳ್ಳೆಯದೇ. ಆದರೆ ಮೀನು ಬಿಟ್ಟ ಮೇಲೆ ಅಪಾಯವೂ ಇಲ್ಲೇ ಹೆಚ್ಚು. 25 ಡಿಗ್ರಿ ಉಷ್ಣಾಂಶದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ. 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇ. 5ನ್ನು ದಾಟುತ್ತದೆ. ಅಂದರೆ ಕಿಟ್‌ನಲ್ಲಿ ಕಾಣುವ ಅದೇ ಸಂಖ್ಯೆ ಹತ್ತಿರ ಹತ್ತಿರ ಹತ್ತುಪಟ್ಟು ವಿಷ. ಬಿಸಿಲು ಏರಿದಂತೆ ಇದು ಇನ್ನೂ ಹೆಚ್ಚುತ್ತದೆ.

ದೆಹಲಿ: ಯಮುನಾ ನದಿಯಲ್ಲಿ ಅಮೋನಿಯಾ ಏರಿ ವಜೀರಾಬಾದ್, ಚಂದ್ರಾವಲ್ ಶುದ್ಧೀಕರಣ ಘಟಕಗಳಲ್ಲಿ ಉತ್ಪಾದನೆ ಕಡಿತವಾದ ಸುದ್ದಿಯನ್ನು ಇಲ್ಲಿನವರು ಚಳಿಗಾಲದಲ್ಲಿ ಓದುತ್ತಲೇ ಇರುತ್ತಾರೆ. ಅಮೋನಿಯಾ ಇರುವ ನೀರಿಗೆ ಕ್ಲೋರಿನ್ ಸೇರಿದರೆ ಕ್ಲೋರಮೈನ್ ಉಂಟಾಗುತ್ತದೆ. ಕ್ಲೋರಿನ್ ಆದರೆ ಒಂದು ದಿನ ಬಕೆಟ್‌ನಲ್ಲಿಟ್ಟರೆ ಹಾರಿಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭವಾಗಿ ಹೋಗದು. ಹಾಗಾಗಿ ಎರಡನ್ನೂ ತೆಗೆಯುವ ವಾಟರ್ ಕಂಡೀಷನರ್ ಬಳಸಿ, ನಲ್ಲಿ ನೀರಿನಲ್ಲೇ ಅಮೋನಿಯಾ ಇದೆಯೇ ಎಂದು ಒಮ್ಮೆ ಪರೀಕ್ಷಿಸಿ. ಡಿಸೆಂಬರ್, ಜನವರಿಯಲ್ಲಿ ಹೀಟರ್ ಇಲ್ಲದೆ ಸೈಕಲ್ ಮಾಡಲು ಹೊರಟರೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಪುಣೆ, ಬೆಂಗಳೂರು: ಪಾಲಿಕೆ ನೀರು ಅಥವಾ ಕಾವೇರಿ ನೀರು ಬರುವ ಮನೆಗಳಲ್ಲಿ ಕ್ಲೋರಿನ್ ತೆಗೆದರೆ ಸಾಕು. ಹೊರವಲಯದ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ವಾರ ಪಾಲಿಕೆ ನೀರು, ಇನ್ನೊಂದು ವಾರ ಬೋರ್‌ವೆಲ್, ಮತ್ತೊಂದು ವಾರ ಟ್ಯಾಂಕರ್ ಎಂಬ ಪರಿಸ್ಥಿತಿ ಇರುತ್ತದೆ. ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಅಂತಹ ಕಡೆ ಪ್ರತಿ ಬಾರಿ ನೀರು ಬದಲಿಸುವ ಮೊದಲು ಪಿಎಚ್ ನೋಡಿಕೊಳ್ಳಿ.

ಆರ್‌ಒ ನೀರು ಒಳ್ಳೆಯದಲ್ಲವೇ ಎಂದು ಅನೇಕರು ಕೇಳುತ್ತಾರೆ. ಅದರಲ್ಲಿ ಖನಿಜಗಳೇ ಇರುವುದಿಲ್ಲ, ಪಿಎಚ್ ಕುಸಿಯುವುದು ಖಚಿತ. ತೀರಾ ಗಡಸು ನೀರಿದ್ದರೆ ಆರ್‌ಒ ನೀರನ್ನು ಅರ್ಧದಷ್ಟು ಬೆರೆಸಬಹುದು. ಬರೀ ಆರ್‌ಒ ನೀರು ಬೇಡ. ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನೂ ಟ್ಯಾಂಕ್‌ಗೆ ಹಾಕಬೇಡಿ, ಅದರಲ್ಲಿ ಲವಣಗಳು ಮೂಲ ನೀರಿಗಿಂತ ಹೆಚ್ಚಿರುತ್ತವೆ.

ಮೀನು ಬಿಡುವ ದಿನ

50 ಲೀಟರ್ ಟ್ಯಾಂಕ್‌ಗೆ ಮೊದಲ ಬಾರಿ ಐದಾರು ಚಿಕ್ಕ ಮೀನು ಸಾಕು. ಗಡಸು ನೀರಿದ್ದರೆ ಗಪ್ಪಿ, ಪ್ಲಾಟಿ ಒಗ್ಗಿಕೊಳ್ಳುತ್ತವೆ. ಮೆದು ನೀರಿದ್ದರೆ ನಮ್ಮ ಉಪಖಂಡದ್ದೇ ಆದ ಜೀಬ್ರಾ ಡೇನಿಯೋ ಒಳ್ಳೆಯ ಆಯ್ಕೆ. ಗೋಲ್ಡ್ ಫಿಶ್ ನೋಡಲು ಚಿಕ್ಕದಿದ್ದರೂ ದೊಡ್ಡದಾಗಿ ಬೆಳೆಯುತ್ತದೆ, ತ್ಯಾಜ್ಯವೂ ಹೆಚ್ಚು. ಈ ಗಾತ್ರದ ಟ್ಯಾಂಕ್‌ಗೆ ಅದು ಬೇಡ.

ಕವರನ್ನು 15ರಿಂದ 20 ನಿಮಿಷ ಟ್ಯಾಂಕ್ ನೀರಿನ ಮೇಲೆ ತೇಲಿಬಿಡಿ. ನಂತರ ಟ್ಯಾಂಕ್‌ನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕವರಿಗೆ ಸೇರಿಸಿ. ಕೊನೆಗೆ ಬಲೆಯಿಂದ ಮೀನನ್ನು ಮಾತ್ರ ಟ್ಯಾಂಕ್‌ಗೆ ಬಿಡಿ, ಅಂಗಡಿಯ ನೀರು ಸುರಿಯಬೇಡಿ. ಮೊದಲ ಎರಡು ವಾರ ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ. ಎರಡೂ ಸೊನ್ನೆ ಇದ್ದರೆ ಮುಂದಿನ ಗುಂಪು ತರಬಹುದು. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು.

ಸೈಕಲ್ ಮುಗಿದರೂ ಮೀನು ತರುವುದು ತಡವಾದರೆ ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಅಮೋನಿಯಾ ಹಾಕುತ್ತಿರಿ.

ಮೀನು ಈಗಾಗಲೇ ಟ್ಯಾಂಕ್‌ನಲ್ಲಿದೆ, ಏನು ಮಾಡಲಿ?

ಈ ಲೇಖನವನ್ನು ಹುಡುಕಿ ಬಂದವರಲ್ಲಿ ಹೆಚ್ಚಿನವರ ಪ್ರಶ್ನೆ ಇದೇ ಇರಬಹುದು. ಮೀನು ಮೇಲೆ ಬಂದು ಉಸಿರಾಡುತ್ತಿದ್ದರೆ, ಕಿವಿರು ಕೆಂಪಾಗಿದ್ದರೆ, ಮೂಲೆಯಲ್ಲಿ ಮಂಕಾಗಿ ನಿಂತಿದ್ದರೆ ತಡ ಮಾಡಬೇಡಿ.

* ಕ್ಲೋರಿನ್ ತೆಗೆದ, ಅದೇ ಉಷ್ಣಾಂಶದ ನೀರಿನಿಂದ ಅರ್ಧ ಟ್ಯಾಂಕ್ ಬದಲಿಸಿ.
* ಏರ್ ಪಂಪ್ ನಿಲ್ಲಿಸದೆ ಓಡಿಸಿ.
* ಒಂದು ದಿನ ಆಹಾರ ಕೊಡಬೇಡಿ. ನಂತರ ಎರಡು ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ.
* ಪ್ರತಿದಿನ ಪರೀಕ್ಷಿಸಿ. ಅಮೋನಿಯಾ ಅಥವಾ ನೈಟ್ರೈಟ್ ಅರ್ಧ ಪಿಪಿಎಂ ತಲುಪಿದಾಗಲೆಲ್ಲಾ ಮೂರನೇ ಒಂದರಿಂದ ಅರ್ಧದಷ್ಟು ನೀರು ಬದಲಿಸಿ. ಪಿಎಚ್ 8 ಇರುವ ಗಡಸು ನೀರಾದರೆ ಕಾಲು ಪಿಪಿಎಂ ಕಂಡಾಗಲೇ ಬದಲಿಸಿ.
* ನೈಟ್ರೈಟ್ ಹೆಚ್ಚಿದ್ದರೆ 10 ಲೀಟರಿಗೆ 1ರಿಂದ 2 ಗ್ರಾಂ ಉಪ್ಪು ಕರಗಿಸಿ ಹಾಕಿ. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನ ಮೂಲಕ ನೈಟ್ರೈಟ್ ಒಳಹೋಗದಂತೆ ತಡೆಯುತ್ತದೆ.
* ಹೊಸ ಮೀನು ತರಬೇಡಿ.

ನಾಲ್ಕಾರು ವಾರ ಹೀಗೆ ದಿನವೂ ನೀರು ಹೊರಬೇಕಾಗುತ್ತದೆ. ಮೀನು ಬದುಕಬಹುದು, ಆದರೆ ಕಿವಿರಿಗೆ ಆದ ಹಾನಿ ಕೆಲವು ಮೀನುಗಳಲ್ಲಿ ಉಳಿದುಬಿಡುತ್ತದೆ. ಮೊದಲೇ ಸೈಕಲ್ ಮಾಡಿಕೊಳ್ಳಿ ಎನ್ನುವುದು ಇದಕ್ಕಾಗಿಯೇ.

ಸಾಮಾನ್ಯವಾಗಿ ಮಾಡುವ ತಪ್ಪುಗಳು

ಫಿಲ್ಟರ್ ತಿಕ್ಕಿ ತೊಳೆಯುವುದು: ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆದರೆ ತಿಂಗಳ ಶ್ರಮ ಕ್ಲೋರಿನ್‌ಗೆ ಬಲಿ. ನೀರು ಬದಲಿಸುವಾಗ ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಅದನ್ನು ಮೆಲ್ಲಗೆ ಹಿಂಡಿ.

ಪೂರ್ತಿ ನೀರು ಬದಲಿಸುವುದು: ತಿಂಗಳಿಗೊಮ್ಮೆ ಮೀನನ್ನು ಬಕೆಟ್‌ಗೆ ಹಾಕಿ, ಕಲ್ಲು, ಗಾಜು, ಫಿಲ್ಟರ್ ಎಲ್ಲವನ್ನೂ ಉಜ್ಜಿ ತೊಳೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ಪ್ರತಿ ಬಾರಿಯೂ ಟ್ಯಾಂಕ್ ಹೊಸದಾಗುತ್ತದೆ, ಸಿಂಡ್ರೋಮ್ ಮರಳಿ ಬರುತ್ತದೆ.

ರಾತ್ರಿ ಫಿಲ್ಟರ್ ಆಫ್ ಮಾಡುವುದು: ಸದ್ದಾಗುತ್ತದೆ, ಕರೆಂಟ್ ಉಳಿಯುತ್ತದೆ ಎಂದು ಆಫ್ ಮಾಡಿದರೆ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗದು. ಗಂಟೆಗಟ್ಟಲೆ ಕರೆಂಟ್ ಹೋಗುವ ಕಡೆ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ.

ಸುಮ್ಮನೆ ಔಷಧ ಹಾಕುವುದು: ಮೀನು ಮಂಕಾದರೆ ಮೆಥಿಲೀನ್ ಬ್ಲೂ, ಆಂಟಿಬಯೋಟಿಕ್ ಹಾಕುವವರಿದ್ದಾರೆ. ಇವು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲವು. ಮೊದಲು ನೀರು ಪರೀಕ್ಷಿಸಿ, ಆಮೇಲೆ ಔಷಧದ ಮಾತು.

ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋಗುವುದು: ಗೌರಿ ಗಣೇಶಕ್ಕೋ ದಸರಾಕ್ಕೋ ಊರಿಗೆ ಹೋಗಿ ಬರುವ ನಾಲ್ಕೈದು ದಿನ ಆಹಾರವಿಲ್ಲದೆ ಆರೋಗ್ಯವಂತ ದೊಡ್ಡ ಮೀನುಗಳು ಇರಬಲ್ಲವು. ಪಾಪ ಎಂದು ಪಕ್ಕದವರು ಹಿಡಿ ತುಂಬ ಹಾಕಿದರೆ ಮಾತ್ರ ಅಪಾಯ. ಕೊಡಲೇಬೇಕೆಂದರೆ ಒಂದೊಂದು ದಿನದ ಚಿಟಿಕೆಯನ್ನು ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಡಿ.

ಓದುಗರ ಮನಸ್ಸಿನಲ್ಲಿ ಬರಬಹುದಾದ ಪ್ರಶ್ನೆಗಳು

*ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿದರೆ ಅಂದೇ ಮೀನು ಬಿಡಬಹುದೇ?*
ಕೆಲವು ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಬಿಸಿಲಲ್ಲಿ, ಗೋದಾಮಿನಲ್ಲಿ ಬಹಳ ದಿನ ಇದ್ದ ಬಾಟಲಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿದಿರಲಿಕ್ಕಿಲ್ಲ. ಬಾಟಲಿ ಬಳಸಿದರೂ 24 ಗಂಟೆಯ ಕೊನೆಯ ಪರೀಕ್ಷೆ ಮಾಡದೆ ಮೀನು ತರಬೇಡಿ.

*ನೀರು ಹಾಲಿನಂತೆ ಮಸುಕಾಗಿದೆ, ಹಾಳಾಯಿತೇ?*
ಇಲ್ಲ. ಹೊಸ ಟ್ಯಾಂಕ್‌ನಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದಾಗ ಹೀಗಾಗುತ್ತದೆ. ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತದೆ. ಗಾಜಿನ ಮೇಲೆ ಕಂದು ಪಾಚಿ ಬಂದರೂ ಭಯ ಬೇಡ.

*ಗಿಡ ಇಟ್ಟರೆ ಸೈಕಲ್ ಬೇಕಿಲ್ಲವೇ?*
ಜೀವಂತ ಗಿಡಗಳು ಅಮೋನಿಯಾ, ನೈಟ್ರೇಟ್ ಎರಡನ್ನೂ ಹೀರುತ್ತವೆ, ಹಾಗಾಗಿ ಸಹಾಯ ಖಂಡಿತ. ಮನಿ ಪ್ಲಾಂಟ್‌ನ ಬೇರು ಮಾತ್ರ ನೀರಿನಲ್ಲಿರುವಂತೆ ಇಟ್ಟರೂ ನೈಟ್ರೇಟ್ ಇಳಿಯುತ್ತದೆ. ಆದರೆ ನಾಲ್ಕು ಕಡ್ಡಿ ನೆಟ್ಟು ಪರೀಕ್ಷೆ ಕೈಬಿಡುವಂತಿಲ್ಲ.

*ಬಾಡಿಗೆ ಮನೆ ಬದಲಿಸಿದರೆ ಮತ್ತೆ ಮೊದಲಿನಿಂದ ಮಾಡಬೇಕೇ?*
ಬೇಕಿಲ್ಲ. ಫಿಲ್ಟರ್ ಸ್ಪಂಜನ್ನು ಹಳೆಯ ಟ್ಯಾಂಕ್ ನೀರು ತುಂಬಿದ, ಮುಚ್ಚಳ ತೆರೆದ ಬಕೆಟ್‌ನಲ್ಲಿ ಒದ್ದೆಯಾಗಿಟ್ಟು ಸಾಗಿಸಿ, ಆದಷ್ಟು ಬೇಗ ಹೊಸ ಮನೆಯಲ್ಲಿ ಚಾಲು ಮಾಡಿ.

*ಸಾಕಲು ಆಗದ ಮೀನನ್ನು ಕೆರೆಗೆ ಬಿಡಬಹುದೇ?*
ಬೇಡವೇ ಬೇಡ. ಹೀಗೆ ಬಿಟ್ಟ ಸಕ್ಕರ್ ಮೀನುಗಳು ದೇಶದ ಹಲವು ಕೆರೆ, ನದಿಗಳಲ್ಲಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ. ಅಂಗಡಿಗೋ ಬೇರೆ ಸಾಕುವವರಿಗೋ ಕೊಡಿ.

ಕಾಯುವ ದಿನಗಳಲ್ಲಿ ಮಕ್ಕಳಿಗೊಂದು ಕೆಲಸ

'ಟ್ಯಾಂಕ್ ಬಂತು, ಮೀನು ಎಲ್ಲಿ?' ಎಂದು ಮಕ್ಕಳು ದಿನವೂ ಕೇಳುತ್ತಾರೆ. ಅವರಿಗೊಂದು ನೋಟ್‌ಬುಕ್ ಕೊಡಿ. ನೀವು ಟ್ಯೂಬ್‌ನಲ್ಲಿ ಹನಿ ಹಾಕಿ ಅಲ್ಲಾಡಿಸಿ, ಬಣ್ಣವನ್ನು ಕಾರ್ಡ್ ಜತೆ ಹೋಲಿಸಿ ಸಂಖ್ಯೆ ಬರೆಯುವುದು ಅವರ ಕೆಲಸವಾಗಲಿ. ಹನಿ ಬಾಟಲಿಗಳು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಹಸಿರು ಬಣ್ಣ ಹಳದಿಗೆ ತಿರುಗುವುದನ್ನು, ನೇರಳೆ ಮಾಯವಾಗುವುದನ್ನು ನೋಡುತ್ತಾ ನೀರಿನಲ್ಲಿ ಏನು ನಡೆಯುತ್ತಿದೆ ಎಂದು ಅವರೇ ನಿಮಗೆ ವಿವರಿಸತೊಡಗುತ್ತಾರೆ.

ಆ ನೋಟ್‌ಬುಕ್‌ನಲ್ಲಿ ಅಮೋನಿಯಾ ಎದುರು ಒಂದು ಸೊನ್ನೆ, ನೈಟ್ರೈಟ್ ಎದುರು ಇನ್ನೊಂದು ಸೊನ್ನೆ ಬಿದ್ದ ವಾರದ ಭಾನುವಾರ ಅವರನ್ನು ಕರೆದುಕೊಂಡು ಮೀನು ತರಲು ಹೋಗಿ.